ಕೇಳುವುದನ್ನು ಕಲಿತವರು
ಆಟಿಸಂ ಇರುವ ಎಳೆಯ ಮಕ್ಕಳಿಗೆ ಕಲಿಸುವವರನ್ನು ತರಬೇತುಗೊಳಿಸುವುದು ನನ್ನ ಕಸುಬು. ಮೊದಲ ದಿನ ನಾನು ಹೇಳುವುದು ಲಾಸ್ ಏಂಜಲೀಸಿನ ಕಥೆ. ಅಲ್ಲಿಯ ವಿಶ್ವವಿದ್ಯಾಲಯದ ಐವರ್ ಲೋವಾಸ್ ತಮ್ಮ ವಿದ್ಯಾರ್ಥಿಗಳನ್ನೇ ಪಳಗಿಸಿ, 19 ಮಕ್ಕಳಿಗೆ ವಾರಕ್ಕೆ 40 ಗಂಟೆ ಕಲಿಸಿದರು. ಅವರಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿಯಲ್ಲಿ ತೇರ್ಗಡೆಯಾದರೆಂದು 1987ರಲ್ಲಿ ಪ್ರಕಟಿಸಿದರು. ಲೋಕ ಬೆರಗಾಯಿತು. ಆದರೆ ಆ ಪಾಠದಲ್ಲಿ ಗದರಿಕೆಯೂ ಇತ್ತು, ತೊಡೆಯ ಮೇಲೆ ಏಟೂ ಇತ್ತು.

ಏಟು ಈಗಿಲ್ಲ; ಹಟ ಉಳಿದಿದೆ. ಮೊನ್ನೆ ಬೆಂಗಳೂರಿನ ನಮ್ಮ ಕೊಠಡಿಯಲ್ಲಿ ಶಿಷ್ಯೆಯೊಬ್ಬಳು, ಮಗು ‘ನೀರು’ ಎನ್ನುವವರೆಗೂ ಲೋಟವನ್ನು ಕೊಡದೆ ಕುಳಿತಿದ್ದಳು. ಮಗು ಅವಳ ಕೈಹಿಡಿದು ಲೋಟದತ್ತ ಎಳೆಯಿತು.

“ಕೇಳಿತಲ್ಲಮ್ಮ, ಕೊಡು,” ಎಂದೆ.

“ಮಾತೇ ಆಡಲಿಲ್ಲವಲ್ಲ ಸಾರ್?”

“ಕೈಯಿಂದ ಕೇಳಿತು. ನಿನಗೆ ಕೇಳಿಸಲಿಲ್ಲ.”

ಅವಳನ್ನು ದೂರಲಾರೆ. ನಾನೂ ಒಮ್ಮೆ ಹಾಗೆಯೇ ಲೋಟ ಹಿಡಿದು ಕುಳಿತಿದ್ದವನು. ಬಾಯಾರಿದ ಆ ಮಗುವಿನ ಮುಖ ಇಂದಿಗೂ ಕಣ್ಣಮುಂದಿದೆ.