ರಕ್ತಹೀನತೆಯಲ್ಲಿ ಅಭಿಧಮನಿಯ ಮೂಲಕ ಕಬ್ಬಿಣಾಂಶ: ಪ್ರಮಾಣ ನಿರ್ಣಯದ ವಿಚಾರ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ಹಾಗೂ ಅದರ ನೆರೆಯ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸೀಮೆಗಳಲ್ಲಿ ಜೋಳದ ರೊಟ್ಟಿಯೇ ಪ್ರಧಾನ ಆಹಾರ. ಜೋಳದಲ್ಲಿ ಕಬ್ಬಿಣಾಂಶವಿದ್ದರೂ ಅದರೊಡನಿರುವ ಫೈಟೇಟ್ ಆ ಅಂಶವು ದೇಹಗತವಾಗುವುದನ್ನು ತಡೆಯುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯೋಮಾನದ ಮಹಿಳೆಯರಲ್ಲಿ ಶೇ. 47.8 ಮಂದಿ ರಕ್ತಹೀನರು. ಇಂಥವರಿಗೆ ಮೊದಲ ಚಿಕಿತ್ಸೆ ಮಾತ್ರೆಯೇ. ಆದರೆ ಮಾತ್ರೆ ಒಗ್ಗದ, ಅಥವಾ ಹೆರಿಗೆ ಸಮೀಪಿಸಿದ ಮೇಲೆ ಕೊರತೆ ಪತ್ತೆಯಾದ ಗರ್ಭಿಣಿಯರಿಗೆ ಅಭಿಧಮನಿಯ ಮೂಲಕ ಕಬ್ಬಿಣಾಂಶ ನೀಡಲು 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮ ಅವಕಾಶ ಕಲ್ಪಿಸಿದೆ.

ಎಷ್ಟು ನೀಡಬೇಕೆಂಬುದಕ್ಕೆ 1970ರಲ್ಲಿ ಗಂಜೋನಿ ಪ್ರಕಟಿಸಿದ ಸೂತ್ರವೇ ಇಂದಿಗೂ ಆಧಾರ. ಕಿಲೋಗ್ರಾಂ ಲೆಕ್ಕದ ದೇಹತೂಕವನ್ನು, ಇರಬೇಕಾದ ಮತ್ತು ಇರುವ ಹಿಮೋಗ್ಲೋಬಿನ್‌ಗಳ ಅಂತರದಿಂದ ಗುಣಿಸಿ, ಬಂದುದನ್ನು ಮತ್ತೆ 2.4ರಿಂದ ಗುಣಿಸಿ, ದೇಹದ ದಾಸ್ತಾನಿಗೆಂದು 500 ಮಿಲಿಗ್ರಾಂ ಕೂಡಿಸಬೇಕು. 2.4 ಎಂಬುದು ಮನಬಂದ ಸಂಖ್ಯೆಯಲ್ಲ. ರಕ್ತವು ದೇಹತೂಕದ ಶೇ. 7ರಷ್ಟು, ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ಶೇ. 0.34ರಷ್ಟು ಎಂಬ ಗಣನೆಯಿಂದ ಬಂದುದು. ಹಿಮೋಗ್ಲೋಬಿನ್ ಅನ್ನು ಡೆಸಿಲೀಟರಿಗೆ ಗ್ರಾಂಗಳಲ್ಲಿಯೇ ಹಿಡಿಯಬೇಕು. ಲೀಟರಿನ ಲೆಕ್ಕ ಹಿಡಿದರೆ ಆ ಅಂತರವೇ ಹತ್ತು ಪಟ್ಟಾಗುತ್ತದೆ. ಗರ್ಭಿಣಿಯರಲ್ಲಿ ಗರ್ಭಪೂರ್ವದ ತೂಕವೇ ಗ್ರಾಹ್ಯ.

ಉದಾಹರಣೆಗೆ, ಏಳನೆಯ ತಿಂಗಳಿನ ಗರ್ಭಿಣಿಯೊಬ್ಬಳ ಗರ್ಭಪೂರ್ವದ ತೂಕ 44 ಕಿಲೋ, ಹಿಮೋಗ್ಲೋಬಿನ್ 7.5 ಎಂದುಕೊಳ್ಳೋಣ. 11 ಗ್ರಾಂ ಗುರಿಯಾದರೆ ಅಂತರ 3.5, ಗುಣಾಕಾರದಿಂದ ಸುಮಾರು 370, ದಾಸ್ತಾನು ಸೇರಿ 870 ಮಿಲಿಗ್ರಾಂ. ಹಿಮೋಗ್ಲೋಬಿನ್ನಿನ ಕೊರತೆಗಿಂತ ದಾಸ್ತಾನಿನ ಭಾಗವೇ ಇಲ್ಲಿ ದೊಡ್ಡದು. ಆದುದರಿಂದ ರಕ್ತ ಪರೀಕ್ಷೆಯ ಅಂಕಿ ಸುಧಾರಿಸಿತೆಂದು ನಡುವೆ ನಿಲ್ಲಿಸಿದರೆ ದಾಸ್ತಾನು ಬರಿದಾಗಿಯೇ ಉಳಿಯುತ್ತದೆ.

ಈ ಮೊತ್ತವನ್ನು ಎಷ್ಟು ಬಾರಿಗೆ ಹಂಚಬೇಕೆಂಬುದು ಔಷಧಿಯನ್ನು ಅವಲಂಬಿಸಿದೆ. ಐರನ್ ಸುಕ್ರೋಸನ್ನು ಸಾಮಾನ್ಯವಾಗಿ ಒಂದು ಬಾರಿಗೆ 200 ಮಿಲಿಗ್ರಾಂ ಮೀರದಂತೆ, ವಾರದಲ್ಲಿ ಮೂರು ಬಾರಿಗೆ ಮಿತಿಗೊಳಿಸಿ, ಸಲೈನಿನಲ್ಲಿ ಕಲಸಿ ನೀಡಲಾಗುತ್ತದೆ. ಅಂದರೆ ಮೇಲಿನ ಗರ್ಭಿಣಿ ಐದು ಬಾರಿ ಆಸ್ಪತ್ರೆಗೆ ಬರಬೇಕು. ಕೂಲಿ ಬಿಟ್ಟು, ಬಸ್ಸು ಕಾದು, ಜೊತೆಗೊಬ್ಬರನ್ನು ಕರೆತಂದು ಐದು ದಿನ ಕಳೆಯುವುದು ಈ ಭಾಗದಲ್ಲಿ ಸುಲಭವಲ್ಲ. ಗುಳೆ ಹೋಗುವ ಕುಟುಂಬದವಳಾದರೆ ಎರಡನೆಯ ಬಾರಿಗೇ ಚಿಕಿತ್ಸೆ ಕಡಿಯಬಹುದು. ಸೂತ್ರ ಎಷ್ಟೇ ನಿಖರವಾಗಿದ್ದರೂ ದೇಹಕ್ಕೆ ಸೇರುವುದು 400 ಮಿಲಿಗ್ರಾಂ ಮಾತ್ರ.

ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿತು. ಇದರಲ್ಲಿ 1000 ಮಿಲಿಗ್ರಾಂವರೆಗೆ ಒಂದೇ ಬಾರಿಗೆ, ಹದಿನೈದು ನಿಮಿಷಗಳಲ್ಲಿ ಹರಿಸಬಹುದು. ಕರ್ನಾಟಕ ಮತ್ತು ರಾಜಸ್ಥಾನಗಳ 4320 ಗರ್ಭಿಣಿಯರನ್ನು ಗುರಿಯಾಗಿರಿಸಿ 2021ರಲ್ಲಿ ತೊಡಗಿದ ‘ರ‍್ಯಾಪಿಡ್ ಐರನ್’ ಅಧ್ಯಯನವೂ ಒಂದೇ ಬಾರಿ ನೀಡುವ ಅಭಿಧಮನಿ ಚಿಕಿತ್ಸೆಯನ್ನು ಮಾತ್ರೆಯೊಡನೆ ತೂಗಿ ನೋಡಲು ರೂಪಿತವಾದುದು. ಆದರೆ 1000 ಎಂಬ ದುಂಡು ಸಂಖ್ಯೆ ಎಲ್ಲರಿಗೂ ಸಲ್ಲದು. ಯುರೋಪಿನ ನಿಯಮದಂತೆ ಡ್ರಿಪ್ ಮೂಲಕ ಕಿಲೋ ಒಂದಕ್ಕೆ 20 ಮಿಲಿಗ್ರಾಂ ಮಿತಿ. 44 ಕಿಲೋ ತೂಕದವಳಿಗೆ 880, ಆಕೆಯ ಅಗತ್ಯ ಇದರೊಳಗೇ ಬರುತ್ತದೆ. ಅಮೆರಿಕದ ನಿಯಮವು 50 ಕಿಲೋಗಿಂತ ಕಡಿಮೆ ತೂಕದವರಿಗೆ ಕಿಲೋಗೆ 15 ಮಿಲಿಗ್ರಾಂನಂತೆ, ಕನಿಷ್ಠ ಏಳು ದಿನಗಳ ಅಂತರದಲ್ಲಿ ಎರಡು ಬಾರಿ ನೀಡಲು ಸೂಚಿಸುತ್ತದೆ. ಆಗ ಒಂದು ಬಾರಿಗೆ 660. ತಕ್ಕಡಿಯೇ ಇಲ್ಲದೆ ಕಣ್ಣಳತೆಯಲ್ಲಿ ಇಡೀ ಸೀಸೆಗಳನ್ನು ಖಾಲಿ ಮಾಡುವುದು ಎರಡೂ ನಿಯಮಗಳಿಗೆ ಹೊರತಾದುದು.

ಗರ್ಭದ ಮೊದಲ ಮೂರು ತಿಂಗಳಲ್ಲಿ ಈ ಚಿಕಿತ್ಸೆ ಸಲ್ಲದು. ತೀವ್ರ ಅಲರ್ಜಿ ಅಪರೂಪವಾದರೂ ಸಂಭವನೀಯವಾದುದರಿಂದ ಅದನ್ನು ನಿಭಾಯಿಸುವ ಸೌಕರ್ಯವಿರುವಲ್ಲಿಯೇ ನೀಡಿ, ಮುಗಿದ ಬಳಿಕ ಅರ್ಧ ಗಂಟೆ ನಿಗಾ ಇಡಬೇಕು. ಥಲಸ್ಸೀಮಿಯಾ ವಾಹಕರಲ್ಲಿ ರಕ್ತಹೀನತೆ ಕಂಡರೂ ಕಬ್ಬಿಣದ ಕೊರತೆ ಇರಲೇಬೇಕೆಂದಿಲ್ಲ. ಅಲ್ಲಿ ಸೂತ್ರ ಹಚ್ಚುವುದೇ ತಪ್ಪು. ಹಿಮೋಗ್ಲೋಬಿನ್ ಏರಿಕೆ ಕಾಣಲು ವಾರಗಳು ಬೇಕಾದುದರಿಂದ ಮರುಪರೀಕ್ಷೆಯನ್ನು ಸುಮಾರು ನಾಲ್ಕು ವಾರಗಳ ನಂತರ ಮಾಡಲಾಗುತ್ತದೆ.