ಟೈರಸ್ ವಾಂಗ್

ಟೈರಸ್ ವಾಂಗ್ (ಅಕ್ಟೋಬರ್ 25, 1910 – ಡಿಸೆಂಬರ್ 30, 2016) ಚೀನಾದಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಚಿತ್ರಕಾರರು, ಅನಿಮೇಷನ್ ಕಲಾವಿದರು ಹಾಗೂ ಗಾಳಿಪಟ ತಯಾರಕರು. ವಾಲ್ಟ್ ಡಿಸ್ನಿ ಸ್ಟುಡಿಯೊ 1942ರಲ್ಲಿ ಬಿಡುಗಡೆ ಮಾಡಿದ 'ಬ್ಯಾಂಬಿ' ಚಲನಚಿತ್ರದ ಕಾಡಿನ ದೃಶ್ಯಗಳಿಗೆ ಅವರ ಚಿತ್ರಗಳೇ ಮೂಲ ಮಾದರಿ. ಆ ಚಿತ್ರಗಳನ್ನು ಬರೆಯುವ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿರಲಿಲ್ಲ. ಸ್ಟುಡಿಯೊದಲ್ಲಿ ಕಿರಿಯ ದರ್ಜೆಯ ನೌಕರರಾಗಿದ್ದ ವಾಂಗ್ ಅವುಗಳನ್ನು ರಾತ್ರಿಯ ವೇಳೆ ತಮ್ಮ ಮನೆಯಲ್ಲಿ, ಸ್ವಂತ ಆಸಕ್ತಿಯಿಂದ ರಚಿಸಿದ್ದರು. ಚಿತ್ರೋದ್ಯಮದ ಕೆಲಸದ ಜೊತೆಗೆ ಅವರು ಜಲವರ್ಣ ಚಿತ್ರಗಳು, ಭಿತ್ತಿಚಿತ್ರಗಳು, ಪುಸ್ತಕ ಚಿತ್ರಗಳು, ಶುಭಾಶಯ ಪತ್ರಗಳು ಮತ್ತು ಪಿಂಗಾಣಿ ವಸ್ತುಗಳ ಮೇಲಿನ ಚಿತ್ರಗಳನ್ನು ರಚಿಸಿದ್ದಾರೆ. 'ಬ್ಯಾಂಬಿ'ಗೆ ಅವರು ನೀಡಿದ ಕೊಡುಗೆಯು ಹಲವು ದಶಕಗಳ ಕಾಲ ಸಾರ್ವಜನಿಕರ ಗಮನಕ್ಕೆ ಬಂದಿರಲಿಲ್ಲ.

ಬಾಲ್ಯ ಮತ್ತು ವಲಸೆ

ವಾಂಗ್ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್ ಎಂಬಲ್ಲಿ ಜನಿಸಿದರು. ಅವರ ಜನ್ಮನಾಮ ವಾಂಗ್ ಗೆನ್ ಯಿಯೊ. 1920ರಲ್ಲಿ, ಸುಮಾರು ಹತ್ತು ವರ್ಷದ ಬಾಲಕನಾಗಿದ್ದಾಗ, ತಂದೆಯೊಂದಿಗೆ ಹಡಗಿನಲ್ಲಿ ಅಮೆರಿಕಕ್ಕೆ ಹೊರಟರು. ತಾಯಿ ಮತ್ತು ಸಹೋದರಿ ಊರಿನಲ್ಲೇ ಉಳಿದರು. ಅವರಿಬ್ಬರನ್ನು ವಾಂಗ್ ಮತ್ತೆಂದೂ ಕಾಣಲಿಲ್ಲ.

ಅಂದು ಅಮೆರಿಕದಲ್ಲಿ 1882ರ ಚೀನೀ ನಿಷೇಧ ಕಾಯಿದೆ ಜಾರಿಯಲ್ಲಿತ್ತು. ಚೀನೀ ಕಾರ್ಮಿಕರ ಪ್ರವೇಶವನ್ನು ಈ ಕಾಯಿದೆ ತಡೆದಿತ್ತು. ವ್ಯಾಪಾರಿಗಳು, ವಿದ್ಯಾರ್ಥಿಗಳು ಮತ್ತು ಅಮೆರಿಕದ ಪೌರರ ಮಕ್ಕಳಂಥ ಕೆಲವರಿಗೆ ಮಾತ್ರ ಅವಕಾಶವಿತ್ತು. 1906ರ ಭೂಕಂಪ ಮತ್ತು ಅಗ್ನಿ ಅನಾಹುತದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಜನನ ದಾಖಲೆಗಳು ನಾಶವಾಗಿದ್ದವು. ಹೀಗಾಗಿ, ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡವರ ಮಕ್ಕಳ ಹೆಸರಿನಲ್ಲಿ ಕಾಗದಪತ್ರ ಪಡೆದು ಅನೇಕರು ಪ್ರವೇಶಿಸುತ್ತಿದ್ದರು. ಇವರನ್ನು 'ಕಾಗದದ ಮಕ್ಕಳು' ಎಂದು ಕರೆಯಲಾಗುತ್ತಿತ್ತು. ವಾಂಗ್ ಕೂಡ 'ಲುಕ್ ತೈ ಯೌ' ಎಂಬ ಬೇರೊಂದು ಹೆಸರಿನಲ್ಲಿ ಬಂದಿಳಿದರು.

ಇಂಥ ಕಾಗದಪತ್ರಗಳನ್ನು ಪತ್ತೆಹಚ್ಚುವ ಸಲುವಾಗಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜಲ್ ದ್ವೀಪದಲ್ಲಿದ್ದ ವಲಸೆ ಕೇಂದ್ರದ ಅಧಿಕಾರಿಗಳು ಚೀನೀ ಪ್ರಯಾಣಿಕರನ್ನು ಕೂಡಿಹಾಕಿ ದೀರ್ಘವಾಗಿ ವಿಚಾರಣೆ ನಡೆಸುತ್ತಿದ್ದರು. ಮನೆಗೆ ಎಷ್ಟು ಕಿಟಕಿಗಳಿವೆ, ಬಾವಿ ಯಾವ ದಿಕ್ಕಿನಲ್ಲಿದೆ ಎಂಬಂಥ ಪ್ರಶ್ನೆಗಳಿಗೆ ತಂದೆ ಮತ್ತು ಮಕ್ಕಳ ಉತ್ತರಗಳು ತಾಳೆಯಾಗಬೇಕಿತ್ತು. ತಂದೆಯನ್ನು ಮೊದಲೇ ಬಿಡುಗಡೆ ಮಾಡಿದ್ದರಿಂದ ಬಾಲಕ ವಾಂಗ್ ಹಲವು ವಾರಗಳನ್ನು ಅಲ್ಲಿ ಒಂಟಿಯಾಗಿ ಕಳೆಯಬೇಕಾಯಿತು. ಬಿಡುಗಡೆಯಾದ ಬಳಿಕ ಅವರು ಮೊದಲು ಸ್ಯಾಕ್ರಮೆಂಟೊದಲ್ಲಿಯೂ ಅನಂತರ ಲಾಸ್ ಏಂಜಲೀಸ್‌ನಲ್ಲಿಯೂ ವಾಸಿಸಿದರು. 'ತೈ ಯೌ' ಎಂಬ ಹೆಸರನ್ನು ಶಾಲೆಯ ಶಿಕ್ಷಕಿಯೊಬ್ಬರು 'ಟೈರಸ್' ಎಂದು ಬದಲಿಸಿದರು. ಅದೇ ಹೆಸರು ಕೊನೆಯವರೆಗೂ ಉಳಿಯಿತು.

ಶಿಕ್ಷಣ

ವಾಂಗ್ ಅವರ ಮೊದಲ ಗುರು ಅವರ ತಂದೆ. ಪ್ರತಿದಿನ ರಾತ್ರಿ ಅವರು ಮಗನಿಗೆ ಚೀನೀ ಕುಂಚಬರಹವನ್ನು ಕಲಿಸುತ್ತಿದ್ದರು. ಶಾಯಿಗಾಗಲಿ ಒಳ್ಳೆಯ ಕಾಗದಕ್ಕಾಗಲಿ ಹಣವಿರಲಿಲ್ಲ. ಆದ್ದರಿಂದ ಬಾಲಕನು ಕುಂಚವನ್ನು ನೀರಿನಲ್ಲಿ ಅದ್ದಿ ಹಳೆಯ ವೃತ್ತಪತ್ರಿಕೆಗಳ ಮೇಲೆ ಬರೆಯುತ್ತಿದ್ದನು. ಬರೆದ ಅಕ್ಷರವು ಸ್ವಲ್ಪ ಹೊತ್ತಿನಲ್ಲಿಯೇ ಆರಿ ಮಾಯವಾಗುತ್ತಿತ್ತು. ನೀರಿನ ಗೆರೆಯನ್ನು ತಿದ್ದಲು ಬಾರದು, ಉಳಿಸಿಕೊಳ್ಳಲೂ ಬಾರದು. ಕುಂಚವನ್ನು ಇಡುವ ಮೊದಲೇ ಗೆರೆಯು ಮನಸ್ಸಿನಲ್ಲಿ ಸಿದ್ಧವಾಗಿರಬೇಕಾಗುತ್ತದೆ. ಕೆಲವೇ ಗೆರೆಗಳಲ್ಲಿ ಚಿತ್ರವನ್ನು ಮುಗಿಸುವ ಅವರ ಮುಂದಿನ ಶೈಲಿಗೆ ಈ ಅಭ್ಯಾಸವು ತಳಹದಿಯಾಯಿತು.

ಪ್ಯಾಸಡೀನಾದ ಶಾಲೆಯಲ್ಲಿ ಓದುತ್ತಿದ್ದಾಗ ಅವರ ಪ್ರತಿಭೆಯನ್ನು ಗುರುತಿಸಿದ ಶಿಕ್ಷಕರ ನೆರವಿನಿಂದ ಲಾಸ್ ಏಂಜಲೀಸ್‌ನ ಓಟಿಸ್ ಕಲಾಶಾಲೆಯಲ್ಲಿ ಬೇಸಿಗೆ ತರಗತಿಯ ವಿದ್ಯಾರ್ಥಿವೇತನ ದೊರಕಿತು. ಅಲ್ಲಿಗೆ ಸೇರಿದ ಮೇಲೆ ಅವರು ಸಾಮಾನ್ಯ ಶಾಲೆಗೆ ಮರಳಲಿಲ್ಲ. ಕಲಾಶಾಲೆಯಲ್ಲಿ ಕಸ ಗುಡಿಸುವ ಕೆಲಸವನ್ನೂ ಮಾಡುತ್ತ ವ್ಯಾಸಂಗ ಮುಂದುವರಿಸಿದರು. ತರಗತಿಯಲ್ಲಿ ಪಾಶ್ಚಾತ್ಯ ಪದ್ಧತಿಯ ರೇಖಾಚಿತ್ರ ಮತ್ತು ವರ್ಣಚಿತ್ರಗಳನ್ನು ಕಲಿತರು. ಬಿಡುವಿನ ವೇಳೆ ನಗರದ ಗ್ರಂಥಾಲಯದಲ್ಲಿ ಸಾಂಗ್ ರಾಜವಂಶದ (960–1279) ನಿಸರ್ಗಚಿತ್ರಗಳನ್ನು ಅಭ್ಯಾಸ ಮಾಡಿದರು. ಮಂಜಿನಲ್ಲಿ ಅರ್ಧ ಮುಚ್ಚಿದ ಬೆಟ್ಟಗಳು, ವಿಶಾಲವಾದ ಖಾಲಿ ಜಾಗ ಮತ್ತು ಪ್ರಕೃತಿಯ ನಡುವೆ ಕಿರಿದಾಗಿ ಕಾಣುವ ಮನುಷ್ಯಾಕೃತಿಗಳು ಆ ಕಾಲದ ಚಿತ್ರಗಳ ಲಕ್ಷಣಗಳು.

ಆರಂಭಿಕ ಕಲಾಜೀವನ

1930ರ ದಶಕದಲ್ಲಿ ವಾಂಗ್ ಲಾಸ್ ಏಂಜಲೀಸ್‌ನ ಏಷ್ಯಾ ಮೂಲದ ಕಲಾವಿದರೊಂದಿಗೆ ಸೇರಿ ಪ್ರದರ್ಶನಗಳನ್ನು ಏರ್ಪಡಿಸಿದರು. ಬೆಂಜಿ ಒಕುಬೊ ಮತ್ತು ಹಿದೆಯೊ ದಾತೆ ಅವರ ಒಡನಾಡಿಗಳಲ್ಲಿ ಪ್ರಮುಖರು. ಚೀನೀ ಬಡಾವಣೆಯ 'ಡ್ರ್ಯಾಗನ್ಸ್ ಡೆನ್' ಎಂಬ ಉಪಾಹಾರ ಗೃಹದ ಗೋಡೆಗಳಿಗೆ ಅವರು ಗೆಳೆಯರೊಂದಿಗೆ ಚಿತ್ರ ಬರೆದರು. ಅಲ್ಲಿಯೇ ಊಟ ಬಡಿಸುವ ಕೆಲಸವನ್ನೂ ಮಾಡಿದರು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಸರ್ಕಾರವು ನಡೆಸುತ್ತಿದ್ದ ಫೆಡರಲ್ ಕಲಾ ಯೋಜನೆಗೂ ಅವರು ಚಿತ್ರಗಳನ್ನು ರಚಿಸಿಕೊಟ್ಟರು. 1937ರಲ್ಲಿ ಅವರ ವಿವಾಹವಾಯಿತು. ಸಂಸಾರಕ್ಕೆ ನಿಶ್ಚಿತ ಆದಾಯದ ಅಗತ್ಯವಿದ್ದುದರಿಂದ 1938ರಲ್ಲಿ ಡಿಸ್ನಿ ಸ್ಟುಡಿಯೊವನ್ನು ಸೇರಿದರು.

'ಬ್ಯಾಂಬಿ'ಯ ಚಿತ್ರಗಳು

ಸ್ಟುಡಿಯೊದಲ್ಲಿ ವಾಂಗ್ ಅವರಿಗೆ ದೊರೆತದ್ದು 'ಇನ್‌ಬಿಟ್ವೀನರ್' ಹುದ್ದೆ. ಕೈಯಿಂದ ರಚಿಸುವ ಅನಿಮೇಷನ್‌ನಲ್ಲಿ ಒಂದು ಚಲನೆಯ ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದರು ಬರೆಯುತ್ತಾರೆ. ಆ ಭಂಗಿಗಳ ನಡುವೆ ಬರಬೇಕಾದ ನೂರಾರು ಚಿತ್ರಗಳನ್ನು ತುಂಬುವವರೇ ಇನ್‌ಬಿಟ್ವೀನರ್‌ಗಳು. ದಿನವಿಡೀ ಬೆಳಕಿನ ಮೇಜಿನ ಮುಂದೆ ಕುಳಿತು, ಹಿಂದಿನ ಚಿತ್ರಕ್ಕಿಂತ ಕೂದಲೆಳೆಯಷ್ಟು ಮಾತ್ರ ಬದಲಾಗುವ ಚಿತ್ರಗಳನ್ನು ಬರೆಯುವ ಈ ಕೆಲಸದಲ್ಲಿ ಸ್ವಂತ ಕಲ್ಪನೆಗೆ ಅವಕಾಶವಿರಲಿಲ್ಲ. ವಾಂಗ್ ಅವರಿಗೆ ಇದು ಬೇಸರ ತಂದಿತು.

ಅದೇ ಸಮಯದಲ್ಲಿ ಸ್ಟುಡಿಯೊ ಫೀಲಿಕ್ಸ್ ಸಾಲ್ಟನ್ ಅವರ 'ಬ್ಯಾಂಬಿ' ಕಾದಂಬರಿಯನ್ನು ಚಲನಚಿತ್ರವಾಗಿಸಲು ಸಿದ್ಧತೆ ನಡೆಸಿತ್ತು. ಪ್ರಾಣಿಗಳು ನಿಜವಾದವುಗಳಂತೆಯೇ ಚಲಿಸಬೇಕೆಂದು ಜಿಂಕೆಮರಿಗಳನ್ನು ಸ್ಟುಡಿಯೊಗೆ ತರಿಸಿ ಅಭ್ಯಾಸ ಮಾಡಲಾಗಿತ್ತು. ಆದರೆ ಹಿನ್ನೆಲೆಯ ಚಿತ್ರಗಳು ಸಮಸ್ಯೆಯಾಗಿದ್ದವು. 1937ರ 'ಸ್ನೋ ವೈಟ್' ಚಿತ್ರದ ಮಾದರಿಯಲ್ಲಿ ಪ್ರತಿಯೊಂದು ಎಲೆ, ರೆಂಬೆ ಮತ್ತು ಹುಲ್ಲೆಸಳನ್ನು ಬಿಡಿಸಿದಾಗ ಕಂದು ಬಣ್ಣದ ಚಿಕ್ಕ ಜಿಂಕೆಮರಿ ಆ ದಟ್ಟಣೆಯಲ್ಲಿ ಕಳೆದುಹೋಗುತ್ತಿತ್ತು.

ಈ ವಿಷಯವನ್ನು ತಿಳಿದ ವಾಂಗ್ ಕಾದಂಬರಿಯನ್ನು ಓದಿದರು. ಬಳಿಕ ರಾತ್ರಿಯ ಹೊತ್ತು ಮನೆಯಲ್ಲಿ ಕುಳಿತು ಕಥೆಯ ಸನ್ನಿವೇಶಗಳನ್ನು ಚಿಕ್ಕ ಅಳತೆಯ ಜಲವರ್ಣ ಮತ್ತು ಪೇಸ್ಟಲ್ ಚಿತ್ರಗಳಾಗಿ ರಚಿಸಿದರು. ಬೆಳಗಿನ ಮಂಜು, ಮರಗಳ ನಡುವಿನಿಂದ ಇಳಿಯುವ ಬೆಳಕು, ಹಿಮ, ಕಾಡ್ಗಿಚ್ಚು ಮತ್ತು ಕಾದಾಡುವ ಗಂಡು ಜಿಂಕೆಗಳು ಅವುಗಳ ವಸ್ತುಗಳಾಗಿದ್ದವು. ಎಲೆಗಳನ್ನು ಒಂದೊಂದಾಗಿ ಬರೆಯದೆ ಬಣ್ಣದ ತೆಳುವಾದ ಹರವಿನಿಂದ ಕಾಡಿನ ಇರವನ್ನು ಮಾತ್ರ ಸೂಚಿಸಿದ್ದರು. ಈ ಚಿತ್ರಗಳನ್ನು ಕಲಾ ನಿರ್ದೇಶಕ ಟಾಮ್ ಕೋಡ್ರಿಕ್ ಅವರಿಗೆ ತೋರಿಸಿದರು. ಕೋಡ್ರಿಕ್ ಅವರಿಗೂ ಅನಂತರ ವಾಲ್ಟ್ ಡಿಸ್ನಿ ಅವರಿಗೂ ಅವು ಮೆಚ್ಚಿಗೆಯಾದವು. ವಾಂಗ್ ಅವರನ್ನು ಹಳೆಯ ಕೆಲಸದಿಂದ ಬಿಡಿಸಿ, ಇಡೀ ಚಲನಚಿತ್ರಕ್ಕೆ ಮಾದರಿ ಚಿತ್ರಗಳನ್ನು ರಚಿಸಲು ನೇಮಿಸಲಾಯಿತು. ಹಿನ್ನೆಲೆ ಬರೆಯುತ್ತಿದ್ದ ಇತರ ಕಲಾವಿದರು ಅವರ ಶೈಲಿಯನ್ನು ಅನುಸರಿಸಿದರು.

1941ರ ಮೇ ತಿಂಗಳಿನಲ್ಲಿ ಡಿಸ್ನಿ ನೌಕರರ ಮುಷ್ಕರ ಆರಂಭವಾಯಿತು. ವಾಂಗ್ ಅದರಲ್ಲಿ ಭಾಗವಹಿಸಲಿಲ್ಲ. ಆದರೂ ಮುಷ್ಕರದ ಬಳಿಕ ಉಂಟಾದ ಪರಿಸ್ಥಿತಿಯಲ್ಲಿ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಮರುವರ್ಷ 'ಬ್ಯಾಂಬಿ' ತೆರೆಕಂಡಾಗ ಹೆಸರುಗಳ ಪಟ್ಟಿಯಲ್ಲಿ ವಾಂಗ್ ಹಲವು ಹಿನ್ನೆಲೆ ಕಲಾವಿದರಲ್ಲಿ ಒಬ್ಬರಾಗಿ ಮಾತ್ರ ಕಾಣಿಸಿಕೊಂಡರು. ಚಿತ್ರದ ಒಟ್ಟು ನೋಟವು ಅವರಿಂದ ಬಂದದ್ದೆಂಬ ಸಂಗತಿ ಪ್ರೇಕ್ಷಕರಿಗೆ ತಿಳಿಯಲಿಲ್ಲ.

ವಾರ್ನರ್ ಬ್ರದರ್ಸ್

1942ರಲ್ಲಿ ವಾಂಗ್ ವಾರ್ನರ್ ಬ್ರದರ್ಸ್ ಸ್ಟುಡಿಯೊವನ್ನು ಸೇರಿ 1968ರಲ್ಲಿ ನಿವೃತ್ತರಾಗುವವರೆಗೆ 26 ವರ್ಷ ದುಡಿದರು. ಚಿತ್ರೀಕರಣಕ್ಕೆ ಮುನ್ನ ದೃಶ್ಯದ ನೋಟ, ಬೆಳಕು ಮತ್ತು ಕ್ಯಾಮೆರಾದ ಕೋನವನ್ನು ಚಿತ್ರದ ಮೂಲಕ ತೋರಿಸುವುದು ಅಲ್ಲಿ ಅವರ ಕೆಲಸವಾಗಿತ್ತು. 'ರೆಬೆಲ್ ವಿದೌಟ್ ಎ ಕಾಸ್' (1955), 'ರಿಯೊ ಬ್ರಾವೊ' (1959) ಮತ್ತು 'ದಿ ವೈಲ್ಡ್ ಬಂಚ್' (1969) ಅವರು ಚಿತ್ರ ಬರೆದುಕೊಟ್ಟ ಚಲನಚಿತ್ರಗಳಲ್ಲಿ ಸೇರಿವೆ. ಚೀನೀ ನಿಷೇಧ ಕಾಯಿದೆಯನ್ನು 1943ರಲ್ಲಿ ರದ್ದುಪಡಿಸಲಾಯಿತು. 1946ರಲ್ಲಿ ವಾಂಗ್ ಅಮೆರಿಕದ ಪೌರತ್ವ ಪಡೆದರು.

ಸ್ವಂತ ಕೃತಿಗಳು

ಸ್ಟುಡಿಯೊಗಾಗಿ ಬರೆದ ಚಿತ್ರಗಳು ಸ್ಟುಡಿಯೊದ ಸ್ವತ್ತಾಗುತ್ತಿದ್ದವು ಮತ್ತು ಬಹುಪಾಲು ಸಾರ್ವಜನಿಕರ ಕಣ್ಣಿಗೆ ಬೀಳುತ್ತಿರಲಿಲ್ಲ. ವಾಂಗ್ ಅವರ ಹೆಸರಿನೊಂದಿಗೆ ಜನರ ಮನೆಗಳನ್ನು ತಲುಪಿದ್ದು ಅವರು ಬಿಡುವಿನಲ್ಲಿ ರಚಿಸಿದ ಕೃತಿಗಳು. ಅವುಗಳಲ್ಲಿ ಕ್ರಿಸ್‌ಮಸ್ ಶುಭಾಶಯ ಪತ್ರಗಳು ಹೆಚ್ಚು ಜನಪ್ರಿಯವಾದವು. ಹಾಲ್‌ಮಾರ್ಕ್ ಮುಂತಾದ ಕಂಪನಿಗಳು ಅವುಗಳನ್ನು ಮುದ್ರಿಸಿದವು. ಹಿಮದ ಬಯಲಿನಲ್ಲಿ ಒಂದು ಮರ, ದೊಡ್ಡ ಆಕಾಶದ ಕೆಳಗೆ ಒಬ್ಬ ಕುರುಬ ಬಾಲಕ, ಒಂದು ನಕ್ಷತ್ರ – ಇಷ್ಟರಲ್ಲೇ ಚಿತ್ರ ಮುಗಿಯುತ್ತಿತ್ತು. ಅವರ ಒಂದು ಶುಭಾಶಯ ಪತ್ರದ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅಮೆರಿಕದ ರೈಲುಮಾರ್ಗ ನಿರ್ಮಾಣದಲ್ಲಿ ದುಡಿದ ಚೀನೀ ಕಾರ್ಮಿಕರನ್ನು ಕುರಿತು ವಾನ್ಯಾ ಓಕ್ಸ್ ಬರೆದ 'ಫುಟ್‌ಪ್ರಿಂಟ್ಸ್ ಆಫ್ ದಿ ಡ್ರ್ಯಾಗನ್' (1949) ಎಂಬ ಮಕ್ಕಳ ಪುಸ್ತಕಕ್ಕೂ ಅವರು ಚಿತ್ರಗಳನ್ನು ರಚಿಸಿದ್ದಾರೆ.

ನಿವೃತ್ತಿಯ ಬಳಿಕ ಅವರು ಗಾಳಿಪಟಗಳ ಕಡೆಗೆ ತಿರುಗಿದರು. ಬಿದಿರು ಮತ್ತು ಬೆತ್ತವನ್ನು ಸೀಳಿ, ಬಾಗಿಸಿ, ಚೌಕಟ್ಟು ಕಟ್ಟಿ ಅದರ ಮೇಲೆ ತಾವೇ ಚಿತ್ರ ಬರೆಯುತ್ತಿದ್ದರು. ಚಿಟ್ಟೆ, ಗೂಬೆ, ಮೀನು, ಪಾಂಡಾ ಮತ್ತು ಹಕ್ಕಿಗಳ ಸಾಲು ಅವರ ಗಾಳಿಪಟಗಳ ರೂಪಗಳಾಗಿದ್ದವು. ಅನೇಕ ಬಿಲ್ಲೆಗಳನ್ನು ಸಾಲಾಗಿ ದಾರದಿಂದ ಜೋಡಿಸಿದ ಸುಮಾರು 100 ಅಡಿ ಉದ್ದದ ಶತಪದಿ ಅವುಗಳಲ್ಲಿ ಹೆಸರಾದದ್ದು. ಗಾಳಿಪಟದಲ್ಲಿ ಅಂದದಷ್ಟೇ ತೂಕವೂ ಮುಖ್ಯ. ಚೌಕಟ್ಟಿನ ಎರಡು ಬದಿಗಳ ತೂಕ ಸಮನಾಗದಿದ್ದರೆ ಎಷ್ಟೇ ಸುಂದರವಾದ ಪಟವೂ ವಾಲಿ ಬೀಳುತ್ತದೆ. ಪ್ರತಿ ತಿಂಗಳ ನಾಲ್ಕನೆಯ ಶನಿವಾರ ವಾಂಗ್ ಸಾಂಟಾ ಮೋನಿಕಾದ ಕಡಲತೀರದಲ್ಲಿ ಅವುಗಳನ್ನು ಹಾರಿಸುತ್ತಿದ್ದರು. ತೊಂಬತ್ತು ವರ್ಷ ದಾಟಿದ ಮೇಲೆಯೂ ಈ ರೂಢಿ ಮುಂದುವರಿಯಿತು.

ರಚನಾ ವಿಧಾನ

ವಾಂಗ್ ಅವರ ಎಲ್ಲ ಬಗೆಯ ಕೃತಿಗಳಲ್ಲಿಯೂ ಕೆಲವು ಸಮಾನ ಲಕ್ಷಣಗಳನ್ನು ಗುರುತಿಸಬಹುದು.

ಮೊದಲನೆಯದು ಭಾವಕ್ಕೆ ನೀಡಿದ ಪ್ರಾಧಾನ್ಯ. ಕಾಡಿನಲ್ಲಿ ಏನೇನಿದೆ ಎಂಬುದಕ್ಕಿಂತ ಅಲ್ಲಿ ನಿಂತವರಿಗೆ ಏನನ್ನಿಸುತ್ತದೆ ಎಂಬುದು ಅವರಿಗೆ ಮುಖ್ಯವಾಗಿತ್ತು. 'ಬ್ಯಾಂಬಿ'ಯ ಬಣ್ಣಗಳು ಈ ತತ್ತ್ವವನ್ನು ಅನುಸರಿಸುತ್ತವೆ: ಶಾಂತ ದೃಶ್ಯಗಳಲ್ಲಿ ತಿಳಿಹಸಿರು ಮತ್ತು ಬೂದು ಛಾಯೆಗಳು, ಕಾದಾಟ ಮತ್ತು ಕಾಡ್ಗಿಚ್ಚಿನಲ್ಲಿ ಕಡುಗಪ್ಪು ಹಾಗೂ ಉರಿಗೆಂಪು.

ಎರಡನೆಯದು ವಿವರಗಳ ಹಂಚಿಕೆ. ನೋಡುಗರ ಕಣ್ಣು ನಿಲ್ಲಬೇಕಾದ ಕಡೆ ಮಾತ್ರ ಸ್ಪಷ್ಟವಾದ ಗೆರೆ ಮತ್ತು ಬೆಳಕು ಇರುತ್ತದೆ. ಅಂಚಿಗೆ ಸರಿದಂತೆ ಆಕಾರಗಳು ಮಸುಕಾಗುತ್ತವೆ. ಅನಿಮೇಷನ್‌ಗೆ ಇದು ಬಹಳ ಅನುಕೂಲಕರವಾಯಿತು. ಪಾತ್ರವು ಚಲಿಸುವ ಜಾಗವು ತಿಳಿಯಾಗಿ ಉಳಿದುದರಿಂದ ಜಿಂಕೆಮರಿಯು ಎದ್ದು ಕಾಣತೊಡಗಿತು.

ಮೂರನೆಯದು ಖಾಲಿ ಜಾಗದ ಬಳಕೆ. ಸಾಂಗ್ ಕಾಲದ ಚಿತ್ರಗಳಂತೆ ಇಲ್ಲಿಯೂ ಬಣ್ಣ ತಾಗದ ಭಾಗವು ಮಂಜಾಗಿ, ಹಿಮವಾಗಿ ಅಥವಾ ಆಕಾಶವಾಗಿ ಅರ್ಥ ಪಡೆಯುತ್ತದೆ. ನೋಡುಗರು ಉಳಿದುದನ್ನು ತಮ್ಮ ಕಲ್ಪನೆಯಿಂದ ತುಂಬಿಕೊಳ್ಳುತ್ತಾರೆ.

ಪಾಶ್ಚಾತ್ಯ ಶಾಲೆಯಲ್ಲಿ ಕಲಿತ ಬೆಳಕು-ನೆರಳಿನ ಜ್ಞಾನ ಮತ್ತು ತಂದೆಯಿಂದ ಬಂದ ಕುಂಚದ ಶಿಸ್ತು, ಇವೆರಡರ ಸೇರ್ಪಡೆಯಿಂದ ಈ ವಿಧಾನವು ರೂಪುಗೊಂಡಿತು.

ಮನ್ನಣೆ

ಅನಿಮೇಷನ್ ಇತಿಹಾಸಕಾರ ಜಾನ್ ಕೇನ್‌ಮೇಕರ್ 1996ರಲ್ಲಿ ಪ್ರಕಟಿಸಿದ 'ಬಿಫೋರ್ ದಿ ಅನಿಮೇಷನ್ ಬಿಗಿನ್ಸ್' ಎಂಬ ಪುಸ್ತಕವು ಡಿಸ್ನಿಯ ಮಾದರಿ ಚಿತ್ರಕಾರರನ್ನು ಕುರಿತದ್ದಾಗಿದ್ದು, ವಾಂಗ್ ಅವರನ್ನೂ ಪರಿಚಯಿಸಿತು. 2001ರಲ್ಲಿ ಡಿಸ್ನಿ ಸಂಸ್ಥೆಯು ಅವರಿಗೆ 'ಡಿಸ್ನಿ ಲೆಜೆಂಡ್' ಗೌರವವನ್ನು ನೀಡಿತು. ಅವರನ್ನು ಕೆಲಸದಿಂದ ತೆಗೆದು ಅಂದಿಗೆ 60 ವರ್ಷಗಳಾಗಿದ್ದವು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಾಲ್ಟ್ ಡಿಸ್ನಿ ಫ್ಯಾಮಿಲಿ ಮ್ಯೂಸಿಯಂ ಅವರ ಸಮಗ್ರ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ಬಾಲಕನಾಗಿ ಅವರನ್ನು ಕೂಡಿಹಾಕಿದ್ದ ಏಂಜಲ್ ದ್ವೀಪವು ಅದೇ ನಗರದ ಕೊಲ್ಲಿಯಲ್ಲಿದೆ. ಪಮೇಲಾ ಟಾಮ್ ನಿರ್ದೇಶಿಸಿದ 'ಟೈರಸ್' ಎಂಬ ಸಾಕ್ಷ್ಯಚಿತ್ರವು 2015ರಲ್ಲಿ ಬಿಡುಗಡೆಯಾಯಿತು.

ವಾಂಗ್ 2016ರ ಡಿಸೆಂಬರ್ 30ರಂದು, 106ನೆಯ ವಯಸ್ಸಿನಲ್ಲಿ ಲಾಸ್ ಏಂಜಲೀಸ್‌ನ ಸನ್‌ಲ್ಯಾಂಡ್‌ನಲ್ಲಿದ್ದ ತಮ್ಮ ಮನೆಯಲ್ಲಿ ನಿಧನರಾದರು. 2018ರಲ್ಲಿ ಅವರ 108ನೆಯ ಜನ್ಮದಿನದಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಜೀವನವನ್ನು ಕುರಿತ ಡೂಡಲ್ ಪ್ರಕಟಿಸಿತು. ಜೂಲಿ ಲಿಯಂಗ್ ಬರೆದು ಕ್ರಿಸ್ ಸಸಾಕಿ ಚಿತ್ರ ರಚಿಸಿದ 'ಪೇಪರ್ ಸನ್' (2019) ಎಂಬ ಪುಸ್ತಕವು ಅವರ ಕಥೆಯನ್ನು ಮಕ್ಕಳಿಗೆ ಹೇಳುತ್ತದೆ.