ಗೇಮಿಂಗ್ ಕಂಪ್ಯೂಟರ್: ಯಾವ ಭಾಗ, ಯಾವಾಗ ಬದಲಿಸಬೇಕು?

ಆಟದ ಪರದೆಯ ಮೇಲೆ ಮೂಡುವ ಪ್ರತಿ ಫ್ರೇಮ್ ಹಿಂದೆಯೂ ಎರಡು ಭಾಗಗಳ ದುಡಿಮೆ ಇರುತ್ತದೆ. ಪಾತ್ರಗಳ ಚಲನವಲನ, ಗುಂಡು ತಗುಲಿತೋ ಇಲ್ಲವೋ ಎಂಬ ಲೆಕ್ಕ ಪ್ರೊಸೆಸರಿನದು. ಬೆಳಕು, ನೆರಳು, ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡಿನ ಪಾಲು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಎರಡರಲ್ಲಿ ಯಾವುದು ನಿಧಾನವೋ ಆಟವೂ ಅಷ್ಟೇ ನಿಧಾನ. ಹಣ ಹಾಕಬೇಕಾದದ್ದು ಆ ಭಾಗಕ್ಕೇ.

ಅದನ್ನು ಪತ್ತೆಹಚ್ಚಲು ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶ ಸಾಕು. ಆಡುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ. 95ರ ಮೇಲೇ ನಿಂತಿದ್ದರೆ ಹಿಂದೆ ಬಿದ್ದಿರುವುದು ಅದೇ. ಫ್ರೇಮ್‌ಗಳಿಗೆ ಮಿತಿ ಹಾಕದಿದ್ದರೂ ಬಳಕೆ ಶೇ. 60–70ರಲ್ಲೇ ತೂಗಾಡುತ್ತಿದ್ದರೆ ಪ್ರೊಸೆಸರಿನ ಮೇಲೆ ಅನುಮಾನ ಪಡಬೇಕು. ರೆಸಲ್ಯೂಷನ್ನನ್ನು 1080ಪಿಯಿಂದ 720ಪಿಗೆ ಇಳಿಸಿದರೂ ಫ್ರೇಮ್ ಸಂಖ್ಯೆ ಏರದಿದ್ದರೆ ಅನುಮಾನ ಬಹುಮಟ್ಟಿಗೆ ನಿಜ.

ಖರ್ಚಿಲ್ಲದೆ ಆಗುವ ಕೆಲಸಗಳೂ ಇವೆ. 3200 ಎಂದು ಬರೆದಿರುವ ರ‍್ಯಾಮ್ ಕೂಡ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಚಾಲೂ ಮಾಡದಿದ್ದರೆ ಹಲವು ಬೋರ್ಡ್‌ಗಳಲ್ಲಿ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಫ್ಯಾನಿಗೆ ಧೂಳು ಕಟ್ಟಿದರೆ ಬಿಸಿ ತಾಳಲಾರದೆ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಖರ್ಚು ಮಾಡಲು ಸಿದ್ಧರಿದ್ದರೆ, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇರುವವರು ಹೊಂದುವ ಇನ್ನೊಂದನ್ನು ಸೇರಿಸಿದರೆ ಗಾತ್ರವೂ ಹೆಚ್ಚುತ್ತದೆ, ಡ್ಯುಯಲ್ ಚಾನೆಲ್‌ನ ಲಾಭವೂ ಸಿಗುತ್ತದೆ. ಎಸ್‌ಎಸ್‌ಡಿಯಿಂದ ಆಟ ಬೇಗ ತೆರೆದುಕೊಳ್ಳುತ್ತದೆ, ಫ್ರೇಮ್ ಸಂಖ್ಯೆಯಲ್ಲಿ ಮಾತ್ರ ಹೆಚ್ಚೇನೂ ವ್ಯತ್ಯಾಸವಾಗದು.

ಪ್ರೊಸೆಸರ್ ಬದಲಿಸುವ ಮುನ್ನ ಮದರ್‌ಬೋರ್ಡಿನ ಸಾಕೆಟ್ ನೋಡಬೇಕು. ಒಂದೇ ಸಾಕೆಟ್ ಹಲವು ತಲೆಮಾರಿನ ಪ್ರೊಸೆಸರುಗಳಿಗೆ ಹೊಂದಬಲ್ಲದು ಎಂಬುದಕ್ಕೆ ಎಎಂಡಿಯ ಎಎಂ4 ಅತ್ಯುತ್ತಮ ಉದಾಹರಣೆ. 2017ರಲ್ಲಿ ರೈಜೆನ್ 5 1600 ಕೂರಿಸಿಕೊಂಡ ಬಿ350 ಬೋರ್ಡ್‌ಗಳಲ್ಲಿ ಅನೇಕವು, 2022ರಲ್ಲಿ ಬಂದ 96 ಎಂಬಿ ಎಲ್3 ಕ್ಯಾಶೆಯ ರೈಜೆನ್ 7 5800ಎಕ್ಸ್3ಡಿಯನ್ನೂ ಒಪ್ಪಿಕೊಳ್ಳುತ್ತವೆ. ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಮುಗಿಸಬೇಕು. ಇಲ್ಲವಾದರೆ ಹೊಸದನ್ನು ಗುರುತಿಸಲಾಗದೆ ಯಂತ್ರ ಆನ್ ಆಗದಿರಬಹುದು. ಬೋರ್ಡ್ ಉಳಿಸಿಕೊಂಡೇ ಇಷ್ಟು ದೊಡ್ಡ ಜಿಗಿತ ಸಿಗುವುದು ಅಪರೂಪ, ಆ ಅವಕಾಶವಿದ್ದವರು ಬಿಡಬಾರದು.

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಪವರ್ ಸಪ್ಲೈ ಮರೆಯುವವರೇ ಹೆಚ್ಚು. 120 ವಾಟ್‌ನ ಜಿಟಿಎಕ್ಸ್ 1060 ಜಾಗಕ್ಕೆ ಆರ್‌ಟಿಎಕ್ಸ್ 3060 ಬಂದರೆ ಬೇಡಿಕೆ 170 ವಾಟ್‌ಗೆ ಏರುತ್ತದೆ. ಪಿಸಿಐಇ ಲೇನ್‌ಗಳನ್ನೂ ಗಮನಿಸಬೇಕು: ನಾಲ್ಕೇ ಲೇನ್‌ಗಳ ಆರ್‌ಎಕ್ಸ್ 6500 ಎಕ್ಸ್‌ಟಿ, ಪಿಸಿಐಇ 3.0 ಇರುವ ಹಳೆಯ ಬೋರ್ಡಿನಲ್ಲಿ ಗಮನಾರ್ಹವಾಗಿ ಸೊರಗುತ್ತದೆ. ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ, ಕಾರ್ಡ್ ಸೆಕೆಂಡಿಗೆ 140 ಫ್ರೇಮ್ ಕೊಟ್ಟರೂ ಪರದೆ ಹೊಸದಾಗುವುದು 60 ಸಲವೇ.

ಆಡಬೇಕೆಂದಿರುವ ಆಟ ಬಯಸಿದ ಸೆಟ್ಟಿಂಗ್‌ನಲ್ಲಿ ಸರಾಗವಾಗಿ ನಡೆಯುತ್ತಿರುವವರೆಗೆ ಬದಲಾವಣೆಯ ಅಗತ್ಯವಿಲ್ಲ. ಬೋರ್ಡಿಗೆ ಒಗ್ಗುವ ಅತ್ಯುತ್ತಮ ಪ್ರೊಸೆಸರೂ ಸಾಲದಾದಾಗ ಬೋರ್ಡ್, ಪ್ರೊಸೆಸರ್ ಎರಡೂ ಬದಲಾಗಬೇಕು. ಎಎಂ4ರ ಮುಂದಿನ ಸಾಕೆಟ್ ಆದ ಎಎಂ5ಗೆ ಹೋಗುವವರಿಗೆ ಡಿಡಿಆರ್5 ರ‍್ಯಾಮಿನ ಖರ್ಚೂ ಸೇರುತ್ತದೆ. ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಒಳ್ಳೆಯ ಪವರ್ ಸಪ್ಲೈಗಳನ್ನು ಸಾಮಾನ್ಯವಾಗಿ ಹೊಸ ಯಂತ್ರಕ್ಕೂ ಹಾಗೆಯೇ ಜೋಡಿಸಬಹುದು.